ಸಣ್ಣ ಹಿಡುವಳಿಯಲ್ಲಿ ಬದುಕು ಸಾಗುತ್ತಾ? ಪ್ರಶ್ನೆಯ ಹಿಂದಿನ ಕಥೆ

ಎರಡು-ಮೂರು ಎಕರೆ ನಂಬಿಕೊಂಡು ಸಂಸಾರ ನಡೆಸಬಹುದಾ? ಈ ಮಾತು ಎತ್ತಿದರೆ ಸಾಕು, ಎರಡು ಬಣ ಆಗುತ್ತದೆ. ಒಂದು ಬಣ ಅರ್ಧ ಎಕರೆ ತರಕಾರಿ ತೋಟದಲ್ಲಿ ಗೆದ್ದವರನ್ನು ತೋರಿಸುತ್ತದೆ. ಇನ್ನೊಂದು ಸಾಲ ತೀರಿಸಲಾಗದೆ ಹೊಲ ಮಾರಿದವರನ್ನು ತೋರಿಸುತ್ತದೆ. ಯಾರೂ ಸುಳ್ಳು ಹೇಳುತ್ತಿಲ್ಲ. ಆದರೆ ಒಬ್ಬರು ನೋಡುವುದು ಎಕರೆಗೆ ಎಷ್ಟು ಬೆಳೆ ಬಂತು ಅಂತ. ಇನ್ನೊಬ್ಬರು ನೋಡುವುದು ದುಡಿದವರ ಕೈಗೆ ಎಷ್ಟು ದುಡ್ಡು ಉಳಿಯಿತು ಅಂತ. ಈ ಎರಡು ಲೆಕ್ಕ ಬೇರೆಯಾಗಿದ್ದು ಹೇಗೆ ಅಂತ ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು.

ಸಾವಿರಾರು ವರ್ಷ ಈ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಬೇಸಾಯವೇ ಬದುಕಾಗಿತ್ತು. ಮಳೆ ಕೈಕೊಟ್ಟ ವರ್ಷ ಹಸಿವು, ಅಷ್ಟೆ. ರೈಲು ಮತ್ತು ಉಗಿ ಹಡಗು ಬಂದ ಮೇಲೆ ದೂರದ ಪೇಟೆಯ ಬೆಲೆ ಸೀದಾ ಹೊಲದ ಬದುವಿಗೇ ಬಂತು. 1870ರ ದಶಕದಲ್ಲಿ ಅಮೆರಿಕದ ಅಗ್ಗದ ಗೋಧಿ ಯುರೋಪಿಗೆ ಹರಿಯತೊಡಗಿತು. ಅಲ್ಲಿ ಧಾನ್ಯ ಮಾರಿ ಬದುಕುತ್ತಿದ್ದವರಿಗೆ ದಿಕ್ಕು ತೋಚದಂತಾಯಿತು. ಕೆಲವು ದೇಶಗಳು ಆಮದು ಸುಂಕ ಹಾಕಿದವು. ಡೆನ್ಮಾರ್ಕ್ ಬೇರೆ ದಾರಿ ಹಿಡಿಯಿತು. ಈ ಇಡೀ ಚರ್ಚೆಯಲ್ಲಿ ನಮಗೆ ಹೆಚ್ಚು ಕಲಿಸುವುದು ಆ ದಾರಿಯೇ. ಅದಕ್ಕೇ ಅಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಡೆನ್ಮಾರ್ಕಿನ ರೈತರು ಅಗ್ಗದ ಧಾನ್ಯದ ಜೊತೆ ಪೈಪೋಟಿಗೆ ಇಳಿಯಲಿಲ್ಲ. ಅದನ್ನೇ ಕೊಂಡು ದನಕ್ಕೆ ಹಾಕಿ, ಬೆಣ್ಣೆ ಮಾಡಿ ಇಂಗ್ಲೆಂಡಿಗೆ ಕಳಿಸಿದರು. ಆದರೆ ಅದರಲ್ಲೂ ಒಂದು ತೊಡಕಿತ್ತು. ಆಗ ಹಾಲನ್ನು ಪಾತ್ರೆಗೆ ಹಾಕಿ, ತಂಪಾದ ಕೋಣೆಯಲ್ಲಿಟ್ಟು, ಕೆನೆ ತಾನಾಗಿ ಮೇಲೆ ಬರುವವರೆಗೆ ಕಾಯಬೇಕಿತ್ತು. ದೊಡ್ಡ ಜಮೀನ್ದಾರರಿಗೆ ಅಂಥ ಕೋಣೆ, ಮಂಜುಗಡ್ಡೆ, ಪಳಗಿದ ಕೆಲಸಗಾರರು ಎಲ್ಲ ಇದ್ದರು. ನಾಲ್ಕು ಹಸು ಇರುವ ಮನೆಯಲ್ಲಿ ಕಡೆಯುವಷ್ಟು ಕೆನೆ ಕೂಡಿಬರುವ ಹೊತ್ತಿಗೆ ಮೊದಲಿನದು ಕೆಡುತ್ತಾ ಬಂದಿರುತ್ತಿತ್ತು. ಒಂದೊಂದು ಮನೆಯ ಬೆಣ್ಣೆಗೆ ಒಂದೊಂದು ರುಚಿ. ಒಳ್ಳೆಯ ಬೆಲೆ ಹೋಗುತ್ತಿದ್ದುದು ದೊಡ್ಡವರ ಬೆಣ್ಣೆಗೇ.

1878ರಲ್ಲಿ ಸ್ವೀಡನ್ನಿನ ಗುಸ್ತಾಫ್ ಡಿ ಲಾವಲ್ ಹಾಲನ್ನು ಗಿರಗಿರ ತಿರುಗಿಸಿ ಕೆನೆ ಬೇರೆ ಮಾಡುವ ಯಂತ್ರ ಮಾಡಿದರು. ಇಂಥ ಯಂತ್ರಕ್ಕೆ ಹತ್ತು ಮನೆಯ ಹಾಲನ್ನು ಒಟ್ಟಿಗೆ ಸುರಿದರೂ ಆಗುತ್ತಿತ್ತು. ಆದರೆ ಬೆಲೆ ಒಂದು ಮನೆಯ ಕೈಗೆ ಎಟುಕುವಂಥದ್ದಲ್ಲ. ದುಡ್ಡಿದ್ದವರು ಯಂತ್ರ ಹಾಕಿ ಸುತ್ತಲಿನ ಹಾಲು ಕೊಂಡು ಬೆಣ್ಣೆ ಮಾರಬಹುದಿತ್ತು. ಹಾಗೆ ಮಾಡಿದವರೂ ಇದ್ದರು. 1882ರಲ್ಲಿ ಡೆನ್ಮಾರ್ಕಿನ ಪಶ್ಚಿಮ ಜಟ್‌ಲ್ಯಾಂಡ್ ಭಾಗದ ಯೆಡಿಂಗ್ ಎಂಬ ಹಳ್ಳಿಯವರು ತಾವೇ ಕೂಡಿ ಡೇರಿ ಕಟ್ಟಿದರು.

ಅದು ನಡೆಯುತ್ತಿದ್ದ ರೀತಿ ನೋಡಿ. ಗಾಡಿ ಮನೆ ಮನೆಗೆ ಹೋಗಿ ಹಾಲಿನ ಕ್ಯಾನು ಎತ್ತಿಕೊಂಡು ಬರುತ್ತಿತ್ತು. ಡೇರಿಯಲ್ಲಿ ಕೆನೆ ತೆಗೆದ ಮೇಲೆ ಉಳಿದ ತೆಳು ಹಾಲು ವಾಪಸ್ ಮನೆಗೆ ಹೋಗುತ್ತಿತ್ತು. ಅದನ್ನು ಕರುವಿಗೆ, ಹಂದಿಗೆ ಕುಡಿಸುತ್ತಿದ್ದರು. ಹಂದಿ ಸಾಕುವುದು ಹೆಚ್ಚಿತು. 1887ರಲ್ಲಿ ಹೋರ್ಸೆನ್ಸ್ ಊರಲ್ಲಿ ಹಂದಿಮಾಂಸ ಸಂಸ್ಕರಿಸುವ ಸಹಕಾರಿ ಕಾರ್ಖಾನೆಯೂ ಬಂತು. ಡೇರಿಯ ಲಾಭವನ್ನು ಅವರವರು ಹಾಕಿದ ಹಾಲಿನ ಲೆಕ್ಕದಲ್ಲಿ ಹಂಚುತ್ತಿದ್ದರು. ಮತ ಮಾತ್ರ ಒಬ್ಬರಿಗೆ ಒಂದೇ. ‘ತಲೆ ಎಣಿಸಿ, ದನ ಎಣಿಸಬೇಡಿ’ ಅನ್ನುವುದು ಅಲ್ಲಿ ಬಳಕೆಯಲ್ಲಿದ್ದ ಮಾತು. 1900ರ ಹೊತ್ತಿಗೆ ಇಂಥ ಡೇರಿಗಳು ಸಾವಿರ ದಾಟಿದ್ದವು.

ಕೈ ಕೆಸರಾದರೆ ಬಾಯಿ ಮೊಸರು ಅಂತ ನಾವು ಹೇಳುತ್ತೇವೆ. ಆದರೆ ಕೆಸರಾದ ಕೈಗೂ ಮೊಸರು ತಿನ್ನುವ ಬಾಯಿಗೂ ನಡುವೆ ಎಷ್ಟೊಂದು ಕೈಗಳಿರುತ್ತವೆ ಅಲ್ವಾ? ಡೆನ್ಮಾರ್ಕಿನವರು ಅದರಲ್ಲಿ ಒಂದೆರಡು ಕೈಗಳ ಕೆಲಸವನ್ನು ತಾವೇ ವಹಿಸಿಕೊಂಡರು. ಹೊಲ ಇದ್ದಷ್ಟೇ ಇತ್ತು.

ಇದೇ ಯೋಚನೆ 1946ರಲ್ಲಿ ಗುಜರಾತಿನ ಖೇಡಾದಲ್ಲಿ ಬೇರೂರಿತು. 1970ರ ನಂತರ ಕ್ಷೀರ ಕ್ರಾಂತಿಯಾಗಿ ಭಾರತದ ತುಂಬ ಹರಡಿತು. ಆದರೆ ಹಾಲಿಗೆ ಒಪ್ಪಿದ್ದು ಎಲ್ಲಕ್ಕೂ ಒಪ್ಪುವುದಿಲ್ಲ. ಹಾಲು ದಿನಾ ಬರುತ್ತದೆ, ಅದರ ದುಡ್ಡೂ ಬೇಗ ಬರುತ್ತದೆ. ಕಾಳು, ತರಕಾರಿ ಹಾಗಲ್ಲ. ಎಲ್ಲರ ಬೆಳೆಯೂ ಒಂದೇ ಸಲ ಕೊಯ್ಲಿಗೆ ಬಂದು ಬೆಲೆ ಬೀಳುತ್ತದೆ. ಕಾದು ಮಾರುವ ಶಕ್ತಿ ಸಣ್ಣವರಿಗೆ ಎಲ್ಲಿಂದ ಬರಬೇಕು?

ಇಪ್ಪತ್ತನೇ ಶತಮಾನದ ಉಳಿದ ಕಥೆ ಬೇಗ ಹೇಳಿ ಮುಗಿಸಬಹುದು. ಯಂತ್ರ, ಗೊಬ್ಬರ, ಹೊಸ ಬೀಜ ಬಂದವು. ಮೊದಲು ಬಳಸಿದವರು ದುಡ್ಡು ಮಾಡಿದರು. ಎಲ್ಲರೂ ಬಳಸಿದಾಗ ಇಳುವರಿ ಹೆಚ್ಚಿ ಬೆಲೆ ಇಳಿಯಿತು. ತಡವಾಗಿ ಬಂದವರಿಗೆ ಖರ್ಚು ಮಾತ್ರ ಉಳಿಯಿತು. ಅವರ ಹೊಲ ಪಕ್ಕದವರ ಪಾಲಾಯಿತು. ಅಮೆರಿಕದ ಅರ್ಥಶಾಸ್ತ್ರಜ್ಞ ವಿಲ್ಲರ್ಡ್ ಕಾಕ್ರೇನ್ 1958ರಲ್ಲಿ ಇದನ್ನು ಟ್ರೆಡ್‌ಮಿಲ್ ಎಂದು ಕರೆದರು: ಎಷ್ಟು ಓಡಿದರೂ ನಿಂತಲ್ಲೇ ಇರುವ ಓಟ. 1935ರಲ್ಲಿ ಅಮೆರಿಕದಲ್ಲಿ ಸುಮಾರು 68 ಲಕ್ಷ ಹಿಡುವಳಿಗಳಿದ್ದವು. 2022ರ ಗಣತಿಯಲ್ಲಿ ಉಳಿದದ್ದು ಸುಮಾರು 19 ಲಕ್ಷ.

ಜಪಾನ್ ಎರಡನೇ ಮಹಾಯುದ್ಧದ ನಂತರ ಗೇಣಿದಾರರಿಗೆ ಭೂಮಿ ಕೊಟ್ಟಿತು. ಹಿಡುವಳಿಗಳು ಪುಟ್ಟವು. ಎರಡು-ಮೂರು ದಶಕ ಕಳೆಯುವಷ್ಟರಲ್ಲಿ ಅಲ್ಲಿನ ಹೆಚ್ಚಿನ ರೈತ ಮನೆಗಳಿಗೆ ಗದ್ದೆಗಿಂತ ಹೊರಗಿನ ಕೆಲಸದಿಂದಲೇ ಜಾಸ್ತಿ ದುಡ್ಡು ಬರತೊಡಗಿತು. ಇದನ್ನು ಸಣ್ಣ ಕೃಷಿಯ ಸೋಲು ಎನ್ನುವವರಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಸಂಬಳವೂ ಇತ್ತು, ಭೂಮಿಯೂ ಕೈಬಿಡಲಿಲ್ಲ. ಆದರೆ ಬರೀ ಗದ್ದೆಯಿಂದ ಬದುಕಿದೆವು ಅಂತ ಅವರೂ ಹೇಳುವಂತಿಲ್ಲ.

ಗೊಂದಲದ ಗಂಟು ಸಿಗುವುದು ಭಾರತದ ಒಂದು ಚರ್ಚೆಯಲ್ಲಿ. 1950ರ ದಶಕದ ಮಧ್ಯದಲ್ಲಿ ಇಲ್ಲಿ ಹಲವು ಕಡೆ ಬೇಸಾಯದ ಖರ್ಚು-ಆದಾಯದ ಸಮೀಕ್ಷೆ ನಡೆಯಿತು. ಹಿಡುವಳಿ ಸಣ್ಣದಾದಷ್ಟೂ ಎಕರೆಗೆ ಬರುವ ಉತ್ಪನ್ನ ಹೆಚ್ಚು ಅಂತ ಅದರಲ್ಲಿ ಕಂಡಿತು. ಕೂಲಿಗೆ ಆಳು ಇಟ್ಟವರು ಕೂಲಿ ಗಿಟ್ಟುವವರೆಗೆ ಮಾತ್ರ ಕೆಲಸ ಮಾಡಿಸುತ್ತಾರೆ. ಮನೆಯವರೇ ದುಡಿಯುವ ಕಡೆ ಆ ಲೆಕ್ಕ ಇಲ್ಲ, ಇನ್ನೊಂದು ಸಲ ಕಳೆ ತೆಗೆಯೋಣ ಅಂತ ಹೊಲಕ್ಕೆ ಇಳಿಯುತ್ತಾರೆ. ಅಮರ್ತ್ಯ ಸೇನ್ 1962ರಲ್ಲಿ ಇದನ್ನು ವಿವರಿಸಿದರು. ಜೊತೆಗೆ ಇನ್ನೊಂದು ಮಾತು ಎತ್ತಿ ತೋರಿಸಿದರು. ಮನೆಯವರ ದುಡಿಮೆಗೂ ಪೇಟೆ ದರದಲ್ಲಿ ಕೂಲಿ ಹಾಕಿ ನೋಡಿದರೆ ಬೇಸಾಯದ ಬಹುಪಾಲು ನಷ್ಟದಲ್ಲಿರುವಂತೆ ಕಾಣುತ್ತದೆ!

ಅಂದರೆ ಎರಡು ಬಣದ ಮಾತೂ ಒಂದೇ ಹೊಲದ ಬಗ್ಗೆ ನಿಜ. ಬೆಳೆ ಚೆನ್ನಾಗಿ ಬರುತ್ತದೆ. ಮುಂಜಾನೆ ನೀರು ಕಟ್ಟಿದ್ದು, ಹೆಂಗಸರು ಕಳೆ ತೆಗೆದಿದ್ದು, ಮಕ್ಕಳು ದನ ಮೇಯಿಸಿದ್ದು ಯಾವ ಪುಸ್ತಕದಲ್ಲೂ ಖರ್ಚಾಗಿ ಬರುವುದಿಲ್ಲ. ಆ ಕೂಲಿ ಬಿಟ್ಟರೆ ಲಾಭ, ಹಾಕಿದರೆ ನಷ್ಟ. ‘ನಾಲ್ಕು ಎಕರೆಯಲ್ಲಿ ಇಷ್ಟು ಲಾಭ’ ಎಂಬ ಸುದ್ದಿ ಓದುವಾಗ ನಾನು ಮೊದಲು ಹುಡುಕುವುದು ಮನೆಯವರ ಕೂಲಿಯ ಸಾಲನ್ನೇ. ಬಹಳ ಸಲ ಸಿಗುವುದಿಲ್ಲ.

ಇವತ್ತು ಪ್ರಪಂಚದಲ್ಲಿ 60 ಕೋಟಿಗೂ ಹೆಚ್ಚು ಹಿಡುವಳಿಗಳಿವೆ. ನೂರಕ್ಕೆ 84ರಷ್ಟು 2 ಹೆಕ್ಟೇರಿಗಿಂತ, ಅಂದರೆ ಹತ್ತಿರ ಹತ್ತಿರ ಐದು ಎಕರೆಗಿಂತ, ಚಿಕ್ಕವು. ಅವೆಲ್ಲ ಸೇರಿದರೂ ಕೃಷಿ ಭೂಮಿಯ ಶೇ 12ರಷ್ಟೇ. ಆದರೆ ಪ್ರಪಂಚದ ಆಹಾರದಲ್ಲಿ ಸುಮಾರು ಶೇ 35 ಅಲ್ಲಿಂದ ಬರುತ್ತದೆ. ವಿಶ್ವಸಂಸ್ಥೆ 2019ರಿಂದ 2028ರವರೆಗಿನ ಹತ್ತು ವರ್ಷವನ್ನು ಕುಟುಂಬ ಕೃಷಿಯ ದಶಕ ಎಂದಿದೆ. ಹೊಗಳಿಕೆಗೆ ಕೊರತೆಯಿಲ್ಲ, ಕೂಲಿಯ ಸಾಲು ಮಾತ್ರ ಇನ್ನೂ ಖಾಲಿ.

ಅದನ್ನು ತುಂಬಲು ನೋಡಿದವರೂ ಇದ್ದಾರೆ. ಜಪಾನಿನಲ್ಲಿ 1970ರ ದಶಕದಲ್ಲೇ ಪಟ್ಟಣದ ಮನೆಗಳು ರೈತರ ಜೊತೆ ನೇರ ಒಪ್ಪಂದ ಮಾಡಿಕೊಳ್ಳತೊಡಗಿದ್ದವು. 1986ರಲ್ಲಿ ಅಮೆರಿಕದ ಎರಡು ತೋಟಗಳು ಅಂಥದ್ದೇ ದಾರಿ ಹಿಡಿದವು. ಅದರಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಟೆಂಪಲ್-ವಿಲ್ಟನ್ ತೋಟ ಒಂದು. ಅಲ್ಲಿ ವರ್ಷದ ಆರಂಭದಲ್ಲಿ ರೈತರು ಇಡೀ ವರ್ಷದ ಖರ್ಚಿನ ಪಟ್ಟಿಯನ್ನು ಸದಸ್ಯರ ಮುಂದೆ ಇಡುತ್ತಾರೆ. ಸದಸ್ಯ ಮನೆಗಳು ಒಟ್ಟಿಗೆ ಕೂತು, ನಮ್ಮಿಂದ ಇಷ್ಟು ಅಂತ ಒಪ್ಪಿಕೊಳ್ಳುತ್ತವೆ. ಬೆಳೆ ಬಂದರೆ ಎಲ್ಲರಿಗೂ ಬಂತು, ಹೋದರೆ ಎಲ್ಲರಿಗೂ ಹೋಯಿತು. ಆ ಪಟ್ಟಿಯಲ್ಲಿ ಬೇಸಾಯದ ಖರ್ಚಿನ ಜೊತೆಗೆ ರೈತರ ಮನೆ ಖರ್ಚೂ ಸೇರಿರುತ್ತದೆ.