ಸ್ವಿಂಡನ್: ಕಾರ್ಖಾನೆ ಮುಚ್ಚಿದ ಮೇಲೂ ಬೆಳೆದ ಊರು

ಒಂದೇ ಕಾರ್ಖಾನೆಯನ್ನು ನೆಚ್ಚಿಕೊಂಡ ಊರಿನ ಗತಿ, ಅದು ಬಾಗಿಲು ಹಾಕಿದ ಮೇಲೆ ಏನು? ನಗರ ಯೋಜನೆಯ ಕೆಲಸದಲ್ಲಿರುವ ನಮಗೆ ಈ ಪ್ರಶ್ನೆ ಪದೇ ಪದೇ ಎದುರಾಗುತ್ತದೆ. ಆಗೆಲ್ಲ ನನಗೆ ನೆನಪಾಗುವುದು ಇಂಗ್ಲೆಂಡಿನ ಸ್ವಿಂಡನ್.

ಗುಡ್ಡದ ಮೇಲೊಂದು ಪುಟ್ಟ ಸಂತೆಯೂರು ಇತ್ತು. ಅದರ ತಗ್ಗಿನಲ್ಲಿ ಗ್ರೇಟ್ ವೆಸ್ಟರ್ನ್ ರೈಲ್ವೆ 1843ರಲ್ಲಿ ಎಂಜಿನ್ ಕಾರ್ಖಾನೆ ತೆರೆಯಿತು, ಕಾರ್ಮಿಕರಿಗೆ ಕಲ್ಲಿನ ಸಾಲುಮನೆ ಕಟ್ಟಿಸಿತು. ಕೂಲಿಯಲ್ಲಿ ಒಂದಿಷ್ಟು ಹಿಡಿದು ಮನೆಮಂದಿಗೂ ವೈದ್ಯಕೀಯ ನೆರವು ಕೊಡುವ ನಿಧಿ 1847ರಲ್ಲೇ ಶುರುವಾಯಿತು. ಈ ಕಾರ್ಖಾನೆ 1986ರಲ್ಲಿ ಮುಚ್ಚಿತು.

ಊರು ಮಾತ್ರ ಕುಸಿಯಲಿಲ್ಲ. ಅದರ ತಯಾರಿ ಮೂವತ್ತು ವರ್ಷ ಮೊದಲೇ ನಡೆದಿತ್ತು. 1952ರ ಪಟ್ಟಣ ಅಭಿವೃದ್ಧಿ ಕಾಯ್ದೆಯಡಿ ಲಂಡನ್‌ನ ಕುಟುಂಬಗಳಿಗೆ ಇಲ್ಲಿ ಬಡಾವಣೆಗಳು ಎದ್ದವು, ಬೇರೆ ಉದ್ಯಮಗಳೂ ಬಂದವು. 1971ರಲ್ಲಿ ಊರಿನ ಪಕ್ಕದಲ್ಲೇ ಹಾದು ಲಂಡನ್‌ಗೆ ಸೇರಿಸುವ ಎಂ4 ಹೆದ್ದಾರಿಯೂ ಪೂರ್ಣಗೊಂಡಿತು.

ಹಳೆಯ ಶೆಡ್ ಕಂಡರೆ ಕೆಡವೋಣ ಎನ್ನುವವರೇ ಹೆಚ್ಚು. ನಾನು ಮೊದಲು ಅದರ ಗೋಡೆ, ಕಂಬ, ಬೆಳಕು ನೋಡಿ ಎನ್ನುತ್ತೇನೆ. ಸ್ವಿಂಡನ್ನಿನಲ್ಲಿ ಎಂಜಿನ್ ಕಟ್ಟುತ್ತಿದ್ದ ಕಟ್ಟಡಗಳಲ್ಲಿ 1997ರಲ್ಲಿ ಡಿಸೈನರ್ ಔಟ್‌ಲೆಟ್ ಎಂಬ ಅಂಗಡಿಗಳ ಸಂಕೀರ್ಣ ತೆರೆಯಿತು. 2000ದಲ್ಲಿ ‘ಸ್ಟೀಮ್’ ರೈಲ್ವೆ ಸಂಗ್ರಹಾಲಯ. ಪಕ್ಕದಲ್ಲೇ 2005ರಲ್ಲಿ ಎದ್ದ, ಪಾರಂಪರಿಕ ತಾಣಗಳನ್ನು ಕಾಯುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ಕೇಂದ್ರ ಕಚೇರಿ ಹೊಸದು, ಆದರೆ ಅದರ ಗರಗಸದ ಹಲ್ಲಿನಂಥ ಚಾವಣಿ ಹಳೆಯ ಶೆಡ್‌ಗಳದೇ ಮಾದರಿ.

ಸ್ವಿಂಡನ್ನಿಗೆ ಹೋದವರು ಮ್ಯಾಜಿಕ್ ರೌಂಡ್‌ಅಬೌಟ್ ಎಂಬ ಸಂಚಾರ ವೃತ್ತ ನೋಡಲೇಬೇಕು. ಐದು ಪುಟ್ಟ ವೃತ್ತಗಳು, ನಡುವೆ ಒಂದು ದೊಡ್ಡದು. ಪುಟ್ಟವುಗಳಲ್ಲಿ ವಾಹನಗಳು ಬಲಸುತ್ತು ಹೋದರೆ, ನಡುವಿನದರ ಸುತ್ತ ಎಡಸುತ್ತು! 1972ರ ಈ ವಿನ್ಯಾಸ ಫ್ರಾಂಕ್ ಬ್ಲ್ಯಾಕ್‌ಮೋರ್ ಅವರದು. ನಕ್ಷೆ ನೋಡಿದರೆ ತಲೆ ತಿರುಗುತ್ತದೆ; ಚಾಲಕನಿಗೆ ಮಾತ್ರ ಪ್ರತಿ ಪುಟ್ಟ ವೃತ್ತದಲ್ಲೂ ಒಂದೇ ಕೆಲಸ: ಬಲದಿಂದ ಬರುವವರಿಗೆ ದಾರಿ ಬಿಡುವುದು. ಎಲ್ಲರೂ ಒಂದೇ ದೊಡ್ಡ ವೃತ್ತಕ್ಕೆ ನುಗ್ಗದೆ, ತಮ್ಮ ದಿಕ್ಕಿಗೆ ಹತ್ತಿರದ ದಾರಿ ಹಿಡಿಯಬಹುದು. ಸಂಚಾರ ಯೋಜನೆಯಲ್ಲಿ ಇಷ್ಟು ಧೈರ್ಯದ ಕೆಲಸ ನಾನು ಕಂಡಿದ್ದು ಕಡಿಮೆ.

ಮರಗಳ ನೆರಳು ಬೇಕಾದವರಿಗೆ ಲಿಡಿಯರ್ಡ್ ಪಾರ್ಕ್ ಇದೆ, ಕೋಟ್ ವಾಟರ್ ಕೆರೆಯಿದೆ.

2021ರಲ್ಲಿ ಹೋಂಡಾ ಕಾರು ಕಾರ್ಖಾನೆಯೂ ಮುಚ್ಚಿ, ಊರಿಗೆ ಹಳೆಯ ಪರೀಕ್ಷೆ ಮತ್ತೆ ಎದುರಾಯಿತು. ಇತ್ತ ರೈಲ್ವೆ ಕಾರ್ಮಿಕರ ಗ್ರಂಥಾಲಯ, ನಾಟಕಶಾಲೆ ಎಲ್ಲವೂ ಆಗಿದ್ದ ಮೆಕ್ಯಾನಿಕ್ಸ್ ಇನ್‌ಸ್ಟಿಟ್ಯೂಟ್ ಕಟ್ಟಡ ಕಾರ್ಖಾನೆಯ ಕಾಲ ಮುಗಿದ ಮೇಲೆ ದಶಕಗಟ್ಟಲೆ ಪಾಳುಬಿದ್ದಿತು. ಶೆಡ್‌ಗಳಿಗೆ ಸಿಕ್ಕ ಎರಡನೇ ಬದುಕು ಅದಕ್ಕೆ ಸಿಗದೆ ಹೋದದ್ದು ನನಗೆ ಇಂದಿಗೂ ನೋವಿನ ಸಂಗತಿ.