ಪದ ಪರಿಚಯ: ಸ್ಯಾಡಲ್

ಎಲೆಕ್ಟ್ರಿಕ್ ಗಿಟಾರಿನ ಬ್ರಿಡ್ಜನ್ನು, ಅಂದರೆ ಒಡಲಿನ ಮೇಲೆ ತಂತಿಗಳನ್ನು ಹೊರುವ ಭಾಗವನ್ನು, ಹತ್ತಿರದಿಂದ ನೋಡಿ. ಪ್ರತಿ ತಂತಿಯೂ ಒಂದು ಪುಟ್ಟ ಲೋಹದ ತುಂಡನ್ನು ಒತ್ತಿಕೊಂಡು ಹಾದುಹೋಗುತ್ತದೆ. ಆ ತುಂಡೇ ಸ್ಯಾಡಲ್. ತಂತಿ ನಡುಗುವ ಉದ್ದ ಶುರುವಾಗುವುದು ಕುತ್ತಿಗೆಯ ತುದಿಯ ನಟ್ ಎಂಬ ಗೀರಿನ ಪಟ್ಟಿಯಲ್ಲಿ, ಮುಗಿಯುವುದು ಸ್ಯಾಡಲ್‌ನಲ್ಲಿ. ವೀಣೆಯಲ್ಲಿ ಈ ಕೆಲಸ ಮಾಡುವುದು ಕುದುರೆ. ಆದರೆ ವೀಣೆಯ ಕುದುರೆ ಕೂತಲ್ಲೇ ಕೂತಿರುತ್ತದೆ. ಗಿಟಾರಿನ ಸ್ಯಾಡಲ್ ಸ್ಕ್ರೂ ತಿರುಗಿಸಿದರೆ ಹಿಂದೆ ಮುಂದೆ ಸರಿಯುತ್ತದೆ. ಕೆಲವು ಗಿಟಾರುಗಳಲ್ಲಿ ಒಂದೊಂದೂ ಬೇರೆಬೇರೆಯಾಗಿ ಏರಿ ಇಳಿಯುತ್ತದೆ.

ನಮ್ಮೂರಿನಲ್ಲಿ ಈಗ ಈ ಪದ ಚೆನ್ನಾಗಿ ಗೊತ್ತಿರಬೇಕಾದ ಕಾಲ ಬಂದಿದೆ. ಮಂಗಳೂರು, ಉಡುಪಿ ಕಡೆಯ ಎಷ್ಟೋ ಮನೆಗಳಲ್ಲಿ ಹಳೇ ಎಲೆಕ್ಟ್ರಿಕ್ ಗಿಟಾರುಗಳಿವೆ. ಬೊಂಬಾಯಿಯಲ್ಲಿ ಕೆಲಸಕ್ಕಿದ್ದವರು ತಂದದ್ದು, ಗಲ್ಫ್‌ನಿಂದ ಬರುವಾಗ ಹೊತ್ತು ತಂದದ್ದು, ಕೊಂಕಣಿ ಹಾಡಿನ ಸ್ಟೇಜಿಗೆಂದು ಯಾರೋ ಕೊಂಡದ್ದು. ಕೆಲವು ಜಪಾನಿನವು, ಒಂದೆರಡು ಅಮೆರಿಕದವು. ಅವೆಲ್ಲ ಈಗ ಮೊಮ್ಮಕ್ಕಳ ಕೈಗೆ ಬರುತ್ತಿವೆ. ಆ ಮೊಮ್ಮಕ್ಕಳು ಮಣಿಪಾಲದಲ್ಲಿ ಓದುತ್ತಾ ಮೆಟಲ್ ಬ್ಯಾಂಡ್ ಕಟ್ಟಿದ್ದಾರೆ. ಅವರಿಗೆ ಮಾಮೂಲಿ ಶ್ರುತಿ ಸಾಲದು. ದಪ್ಪ ತಂತಿಯನ್ನು ಇ ಸ್ವರದಿಂದ ಡಿ, ಸಿ, ಕೆಲವೊಮ್ಮೆ ಬಿ ವರೆಗೂ ಇಳಿಸಬೇಕು. ಇಳಿಸಿದ ತಕ್ಷಣ ಗಿಟಾರು ಅಪಸ್ವರ ಹೇಳಲು ಶುರುಮಾಡುತ್ತದೆ. ಆಗ ಕೆಲವರು ಡ್ರಿಲ್ ಹಿಡಿದು ಹಳೇ ಬ್ರಿಡ್ಜ್ ಕಿತ್ತು, ಮರಕ್ಕೆ ಹೊಸ ತೂತು ಹೊಡೆಯುತ್ತಾರೆ. ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಯಾಕೆಂದರೆ ಬಹಳಷ್ಟು ಸಲ ಬದಲಾಯಿಸಬೇಕಾದದ್ದು ಸ್ಯಾಡಲ್ ಮಾತ್ರ.

ಶ್ರುತಿ ಇಳಿಸುವುದೇನೂ ಹೊಸ ಹುಚ್ಚಲ್ಲ. ಬರ್ಮಿಂಗ್‌ಹ್ಯಾಮಿನ ಬ್ಲ್ಯಾಕ್ ಸಬ್ಬತ್ ಬ್ಯಾಂಡಿನ ಗಿಟಾರ್ ವಾದಕ ಟೋನಿ ಅಯೋಮಿ 1965ರಲ್ಲಿ ಕಾರ್ಖಾನೆಯ ಅಪಘಾತದಲ್ಲಿ ಎರಡು ಬೆರಳುಗಳ ತುದಿ ಕಳೆದುಕೊಂಡರು. ಸಡಿಲ ತಂತಿ ಒತ್ತಲು ಸುಲಭ ಅಲ್ವಾ? 1971ರ ಹೊತ್ತಿಗೆ ಅವರು ಮೂರು ಅರ್ಧಸ್ವರ ಇಳಿಸಿ ನುಡಿಸುತ್ತಿದ್ದರು. ಇನ್ನೂ ಹಿಂದೆ, 1961ರಲ್ಲೇ ಫೆಂಡರ್ ಕಂಪನಿ ಬೇಸ್ ಸಿಕ್ಸ್ ಎಂಬ ಆರು ತಂತಿಯ ವಾದ್ಯ ತಂದಿತ್ತು. ಅದರ ಶ್ರುತಿ ಗಿಟಾರಿಗಿಂತ ಪೂರ್ತಿ ಒಂದು ಸ್ಥಾಯಿ ಕೆಳಗೆ. ಅದಕ್ಕಾಗಿ ತಂತಿಯ ಉದ್ದವನ್ನು 30 ಇಂಚು ಇಟ್ಟರು. ಮಾಮೂಲಿ ಫೆಂಡರ್ ಗಿಟಾರಿನದು 25.5 ಇಂಚು, ಅಂದರೆ 648 ಮಿಲಿಮೀಟರ್. ಗಿಬ್ಸನ್ ಕಂಪನಿಯದು ಸುಮಾರು 628 ಮಿಲಿಮೀಟರ್. ಈ ಉದ್ದದ ಗಿಟಾರುಗಳನ್ನು ಮಾಮೂಲಿ ಶ್ರುತಿಗೆಂದೇ ಮಾಡಿದ್ದು. ಸಿ ಅಥವಾ ಬಿ ಬೇಕೆಂದರೆ ಒಂದಷ್ಟು ಹೊಂದಿಸಿಕೊಳ್ಳಬೇಕು.

ಏನು ಕೆಡುತ್ತದೆ ಎಂದು ಸ್ವಲ್ಪ ವಿವರವಾಗಿ ನೋಡೋಣ. ಮಾಮೂಲಿ ಶ್ರುತಿಯಲ್ಲಿ ಆರನೇ ತಂತಿ, ಅಂದರೆ ದಪ್ಪ ಇ, ಸೆಕೆಂಡಿಗೆ 82.4 ಸಲ ನಡುಗುತ್ತದೆ. ಅದನ್ನು ಸಿಗೆ ಇಳಿಸಿದರೆ 65.4 ಸಲ. ತಂತಿ ಅದೇ ಇದ್ದರೆ ಬಿಗಿ ಕಡಿಮೆಯಾಗುವುದು ಇದರ ವರ್ಗದ ಲೆಕ್ಕದಲ್ಲಿ. ಹಾಗಾಗಿ ಮೊದಲಿನ ಬಿಗಿಯಲ್ಲಿ ಉಳಿಯುವುದು ಸುಮಾರು 63 ಪಾಲು, ನೂರಕ್ಕೆ 37 ಪಾಲು ಹೋಯಿತು. ತಂತಿ ಜೋಲುಬೀಳುತ್ತದೆ. ಫ್ರೆಟ್‌ಗೆ, ಅಂದರೆ ಕುತ್ತಿಗೆಯ ಮೇಲಿನ ಲೋಹದ ಅಡ್ಡಪಟ್ಟಿಗೆ, ಬಡಿಯುತ್ತದೆ. ಬೆರಳಿಟ್ಟು ಒತ್ತಿದರೆ ಸ್ವರ ಇರಬೇಕಾದ್ದಕ್ಕಿಂತ ಮೇಲಕ್ಕೆ ಹೋಗುತ್ತದೆ. ಒತ್ತಿದಾಗ ಯಾವ ತಂತಿಯೂ ಚೂರು ಹಿಗ್ಗುತ್ತದೆ, ಬಿಗಿ ಚೂರು ಏರುತ್ತದೆ. ಬಿಗಿ ಮೊದಲೇ ಕಡಿಮೆ ಇದ್ದಾಗ ಆ ಚೂರೇ ದೊಡ್ಡದಾಗುತ್ತದೆ.

ಇದಕ್ಕೆ ಪರಿಹಾರ ದಪ್ಪ ತಂತಿ. ಸಾಮಾನ್ಯ ಸೆಟ್‌ನ ಆರನೇ ತಂತಿ 46ರದ್ದು, ಅಂದರೆ 0.046 ಇಂಚು ದಪ್ಪ. ಸಿಗೆ ಇಳಿಸಿಯೂ ಹಳೇ ಬಿಗಿಯೇ ಬೇಕೆಂದರೆ 58ರ ಹತ್ತಿರದ ತಂತಿ ಬೇಕು. ಡಿಗೆ 52 ಸಾಕು. ಬಿಗೆ 61ರ ಆಸುಪಾಸು. ಆದರೆ ದಪ್ಪ ತಂತಿಗೆ ಅದರದ್ದೇ ಒಂದು ಸ್ವಭಾವ ಇದೆ. ಅದು ಪೆಡಸು. ಸ್ಯಾಡಲ್ ಅಂಚಿನಲ್ಲಿ ಅದು ಸಲೀಸಾಗಿ ಬಾಗುವುದಿಲ್ಲ, ಅಂಚಿನಿಂದ ಸ್ವಲ್ಪ ಈಚೆಯಿಂದಲೇ ನಡುಗಲು ಶುರುಮಾಡುತ್ತದೆ. ನಡುಗುವ ಉದ್ದ ನಾವು ಅಳೆದದ್ದಕ್ಕಿಂತ ಕಡಿಮೆಯಾಯಿತು. ಉದ್ದ ಕಡಿಮೆಯಾದರೆ ಸ್ವರ ಏರುತ್ತದೆ. ಹೀಗೆ ತೆಳು ತಂತಿ ಸಡಿಲಾಗಿ ಏರುತ್ತದೆ, ದಪ್ಪ ತಂತಿ ಪೆಡಸಾಗಿ ಏರುತ್ತದೆ. ಯಾವ ದಾರಿ ಹಿಡಿದರೂ ಸ್ಯಾಡಲ್ ಹಿಂದಕ್ಕೆ ಹೋಗಲೇಬೇಕು.

ಈ ಹಿಂದೆ ಮುಂದೆ ಸರಿಸುವ ಕೆಲಸಕ್ಕೆ ಇಂಟೊನೇಶನ್ ಸರಿಮಾಡುವುದು ಎನ್ನುತ್ತಾರೆ. ವೀಣೆಯಲ್ಲಿ 24 ಮೆಟ್ಟಿಲುಗಳನ್ನು ಮೇಣದ ಮೇಲೆ ಕೂರಿಸಿರುತ್ತಾರೆ. ಸ್ವರ ತಪ್ಪಿದರೆ ಮೇಣ ಕಾಯಿಸಿ ಮೆಟ್ಟಿಲನ್ನೇ ಸರಿಸಬಹುದು. ಗಿಟಾರಿನ ಫ್ರೆಟ್ ಮರಕ್ಕೆ ಬಡಿದದ್ದು, ಅಲುಗದು. ಎಲ್ಲ ತಪ್ಪನ್ನೂ ಸ್ಯಾಡಲ್ ಒಂದೇ ಹೊತ್ತುಕೊಳ್ಳಬೇಕು.

ಪರೀಕ್ಷೆ ಸುಲಭ. 12ನೇ ಫ್ರೆಟ್ ಮೇಲೆ ಬೆರಳನ್ನು ಒತ್ತದೆ ಮೃದುವಾಗಿ ತಾಗಿಸಿ ನುಡಿಸಿ, ಆಗ ಬರುವ ಸ್ವರಕ್ಕೆ ಹಾರ್ಮೋನಿಕ್ ಎನ್ನುತ್ತಾರೆ. ಆಮೇಲೆ ಅದೇ ಫ್ರೆಟ್ಟನ್ನು ಒತ್ತಿ ನುಡಿಸಿ. ಎರಡೂ ಒಂದೇ ಸ್ವರ ಬರಬೇಕು. ಒತ್ತಿದ್ದು ಏರಿದ್ದರೆ ಸ್ಯಾಡಲನ್ನು ನಟ್‌ನಿಂದ ದೂರ ಸರಿಸಿ, ಇಳಿದಿದ್ದರೆ ಹತ್ತಿರ ತನ್ನಿ. ಪ್ರತಿ ಸಲ ಸರಿಸಿದ ಮೇಲೆ ಮತ್ತೆ ಶ್ರುತಿ ಮಾಡಬೇಕು. ಫೋನಿನ ಟ್ಯೂನರ್ ಸೆಂಟ್ ಲೆಕ್ಕದಲ್ಲಿ ತೋರಿಸುತ್ತದೆ, ಒಂದು ಅರ್ಧಸ್ವರಕ್ಕೆ 100 ಸೆಂಟ್. 648 ಮಿಲಿಮೀಟರಿನ ಗಿಟಾರಿನಲ್ಲಿ ಸ್ಯಾಡಲ್ 1 ಮಿಲಿಮೀಟರ್ ಹಿಂದೆ ಹೋದರೆ 12ನೇ ಫ್ರೆಟ್‌ನಲ್ಲಿ ಸುಮಾರು 2.7 ಸೆಂಟ್ ಇಳಿಯುತ್ತದೆ. ಅಂದರೆ 10 ಸೆಂಟ್ ತಪ್ಪಿದ್ದರೆ ಹತ್ತಿರ ಹತ್ತಿರ 4 ಮಿಲಿಮೀಟರ್ ಜಾಗ ಬೇಕು. ಈ ಒಂದು ಲೆಕ್ಕ ಗೊತ್ತಿದ್ದರೆ ಸ್ಕ್ರೂ ಮುಟ್ಟುವ ಮೊದಲೇ ನಿಮ್ಮ ಬ್ರಿಡ್ಜ್‌ನಲ್ಲಿ ಅಷ್ಟು ಜಾಗ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಹಳೇ ಗಿಟಾರುಗಳು ಸೋಲುವುದು ಈ ಜಾಗದ ವಿಷಯದಲ್ಲೇ.

ಗಿಬ್ಸನ್ ಕಂಪನಿಯ ಟ್ಯೂನ್-ಒ-ಮ್ಯಾಟಿಕ್ ಬ್ರಿಡ್ಜ್ ಬಂದದ್ದು 1954ರಲ್ಲಿ, ಕಂಪನಿಯ ಮುಖ್ಯಸ್ಥ ಟೆಡ್ ಮೆಕಾರ್ಟಿ ಅವರ ಕಾಲದಲ್ಲಿ. ಆರು ತಂತಿಗೆ ಆರು ಸ್ಯಾಡಲ್. ಆ ಕಾಲಕ್ಕೆ ದೊಡ್ಡ ಸುಧಾರಣೆ. ಹಳೇ ಮಾದರಿಗೆ ಎಬಿಆರ್-1 ಎನ್ನುತ್ತಾರೆ. ಅದು ಕಿರಿದು, ಸ್ಯಾಡಲ್ ಸರಿಯುವ ಜಾಗ ಒಂದು ಸೆಂಟಿಮೀಟರಿಗೂ ಕಡಿಮೆ. 1970ರ ದಶಕದಲ್ಲಿ ಬಂದ ನ್ಯಾಶ್‌ವಿಲ್ ಮಾದರಿ ಅದಕ್ಕಿಂತ ಅಗಲ. ಹಳೇ ಎಬಿಆರ್-1ರಲ್ಲಿ ಇನ್ನೊಂದು ತೊಂದರೆಯೂ ಇದೆ. ಸತುವಿನ ಮಿಶ್ರಲೋಹದ ಆ ಪಟ್ಟಿ ದಶಕಗಳ ಭಾರಕ್ಕೆ ನಡುವೆ ಬಗ್ಗಿರುತ್ತದೆ. ಮಧ್ಯದ ತಂತಿಗಳು ಕೆಳಗೆ ಕೂತು ಫ್ರೆಟ್‌ಗೆ ತಾಗುತ್ತವೆ. ಹಾಗಾಗಿದ್ದರೆ ಸ್ಯಾಡಲ್ ಬದಲಿಸಿ ಪ್ರಯೋಜನವಿಲ್ಲ, ಪಟ್ಟಿಯನ್ನೇ ಬದಲಿಸಬೇಕು.

ಫೆಂಡರ್‌ನ ಟೆಲಿಕಾಸ್ಟರ್ ಕಥೆ ಬೇರೆ. 1950ರಲ್ಲಿ ಶುರುವಾದ ಅದರ ಹಳೇ ಮಾದರಿಗೆ ಮೂರೇ ಸ್ಯಾಡಲ್. ಎರಡು ತಂತಿಗೆ ಒಂದು ಉರುಟು ಸರಳು. ಒಂದು ತಂತಿ ಸರಿಯಾದರೆ ಪಕ್ಕದ್ದು ತಪ್ಪುತ್ತದೆ. ಮಾಮೂಲಿ ಶ್ರುತಿಯಲ್ಲಿ ಇದನ್ನು ಹೇಗೋ ಸಹಿಸಬಹುದು. ಇಳಿಸಿದಾಗ ಆರನೇ ಮತ್ತು ಐದನೇ ತಂತಿಯ ಅಂತರ ಕಿವಿಗೆ ಚುಚ್ಚುತ್ತದೆ. ಇದಕ್ಕೆ ಓರೆಯಾಗಿ ಕೊರೆದ ಸರಳುಗಳು ಸಿಗುತ್ತವೆ. ಅವು ಹಳೇ ಬ್ರಿಡ್ಜ್‌ನಲ್ಲೇ, ಹಳೇ ಸ್ಕ್ರೂ ಜಾಗದಲ್ಲೇ ಕೂರುತ್ತವೆ. ನನ್ನ ಮಟ್ಟಿಗೆ ಹಳೇ ಟೆಲಿಗೆ ಇದಕ್ಕಿಂತ ಒಳ್ಳೆಯ ಬದಲಾವಣೆ ಇಲ್ಲ.

ಫೆಂಡರ್‌ನದೇ ಜಾಗ್ವಾರ್, ಜಾಜ್‌ಮಾಸ್ಟರ್ ಗಿಟಾರುಗಳ ಬಗ್ಗೆ ಜಾಸ್ತಿ ಎಚ್ಚರ ಬೇಕು. 1962ರ ಜಾಗ್ವಾರ್‌ನ ತಂತಿಯ ಉದ್ದ ಬರೀ 24 ಇಂಚು. ಅದರ ಸ್ಯಾಡಲ್ ಮೇಲೆ ಸ್ಕ್ರೂ ಮರೆಯಂಥ ಸಣ್ಣ ಸಣ್ಣ ಗೀರುಗಳಿವೆ. ಜೋರಾಗಿ ಬಾರಿಸಿದರೆ ಸಡಿಲ ತಂತಿ ಒಂದು ಗೀರಿನಿಂದ ಇನ್ನೊಂದಕ್ಕೆ ಹಾರುತ್ತದೆ. ಅದೇ ಕಂಪನಿಯ ಮಸ್ಟಾಂಗ್ ಗಿಟಾರಿನ ಸ್ಯಾಡಲ್‌ನಲ್ಲಿ ಒಂದೇ ಆಳವಾದ ಗೀರು. ಬಹಳ ಜನ ಅದನ್ನೇ ತಂದು ಇಲ್ಲಿ ಹಾಕುತ್ತಾರೆ. ಸರಿಯಾದ ಕೆಲಸ. ಬ್ರಿಡ್ಜನ್ನು ಎತ್ತಿ ತೆಗೆಯಬಹುದು, ಒಂದು ತೂತೂ ಬೇಡ.

ಹೊಸದು ತರಿಸುವ ಮೊದಲು ಇದ್ದದ್ದರಲ್ಲೇ ಜಾಗ ಹುಡುಕಿ. ಟ್ಯೂನ್-ಒ-ಮ್ಯಾಟಿಕ್‌ನ ಸ್ಯಾಡಲ್ ಒಂದು ಕಡೆ ಇಳಿಜಾರು, ಇನ್ನೊಂದು ಕಡೆ ನೆಟ್ಟಗೆ ಇರುತ್ತದೆ. ತಂತಿ ಕೂರುವ ಅಂಚು ಹಿಂದಕ್ಕೆ ಬರುವ ಹಾಗೆ ಅದನ್ನು ತಿರುಗಿಸಿ ಹಾಕಿದರೆ ಸ್ವಲ್ಪ ಜಾಗ ಸಿಗುತ್ತದೆ. ಫೆಂಡರ್‌ನ ಸ್ಟ್ರಾಟ್ (ಸ್ಟ್ರಾಟೋಕಾಸ್ಟರ್) ಮತ್ತು ಟೆಲಿಯಲ್ಲಿ ಸ್ಕ್ರೂ ಮೇಲೆ ಪುಟ್ಟ ಸ್ಪ್ರಿಂಗ್ ಇರುತ್ತದೆ. ಸ್ಯಾಡಲ್ ಹಿಂದೆ ಹೋಗದೆ ನಿಲ್ಲುವುದು ಎಷ್ಟೋ ಸಲ ಆ ಸ್ಪ್ರಿಂಗ್ ಪೂರ್ತಿ ಒತ್ತಿಹೋದ ಕಾರಣಕ್ಕೆ. ಅಲ್ಲಿ ಚಿಕ್ಕ ಸ್ಪ್ರಿಂಗ್ ಹಾಕಿ. ಹಳೇ ಸ್ಪ್ರಿಂಗ್ ಕತ್ತರಿಸಬೇಡಿ, ತೆಗೆದಿಡಿ.

ಕಂಕನಾಡಿಯ ಒಂದು ಮನೆಯಲ್ಲಿ ಅಜ್ಜನ ಜಪಾನಿ ಗಿಟಾರು ಹಿಡಿದು ಕೂತಿದ್ದ ಹುಡುಗಿ ನನ್ನನ್ನು ಕೇಳಿದಳು: "ಅಂಕಲ್, ಬ್ರಿಡ್ಜ್ ಇಡೀ ತೆಗೆದು ಹೊಸತು ಹಾಕಿದ್ರೆ ಎಂತ ಆಗ್ತದೆ?" ಹಾಕಬಹುದು, ಆದರೆ ಮೊದಲು ಅಳೆಯಬೇಕು ಎಂದೆ. ಬ್ರಿಡ್ಜನ್ನು ಹೊತ್ತಿರುವ ಎರಡು ಕಂಬಗಳ ನಡುವಿನ ಅಂತರ, ಕಂಬದ ದಪ್ಪ, ಮೊದಲ ತಂತಿಯಿಂದ ಆರನೆಯದಕ್ಕೆ ಇರುವ ಅಗಲ, ಈ ಮೂರೂ ಬೇಕು. ಗಿಬ್ಸನ್ ಮಾದರಿಯಲ್ಲಿ ಕಂಬಗಳ ಅಂತರ ಸುಮಾರು 74 ಮಿಲಿಮೀಟರ್. ಹಳೇ ಸ್ಟ್ರಾಟ್‌ನಲ್ಲಿ ತಂತಿಗಳ ಅಗಲ 56 ಮಿಲಿಮೀಟರಿಗೆ ಸ್ವಲ್ಪ ಜಾಸ್ತಿ, ಹೊಸ ಮಾದರಿಯ ಹಲವಲ್ಲಿ 52ರ ಸುತ್ತ. ಹೊಸ ಭಾಗವನ್ನು ಅಗಲ ನೋಡದೆ ತಂದರೆ ತಂತಿ ಅದರ ನಡುಕ ಹಿಡಿಯುವ ಪಿಕಪ್‌ನ ಮೇಲೆ ನೇರ ಬರುವುದಿಲ್ಲ. ಇನ್ನು ಸ್ಕ್ರೂವಿನ ಮರೆ. ಹಳೇ ಅಮೆರಿಕನ್ ಗಿಟಾರುಗಳದ್ದು ಇಂಚಿನ ಮರೆ, ಈಗ ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಬಹಳಷ್ಟು ಭಾಗಗಳದ್ದು ಮಿಲಿಮೀಟರಿನ ಮರೆ. ಒಂದೆರಡು ಸುತ್ತು ಹೋಗುತ್ತದೆ, ಆಮೇಲೆ ಸಿಕ್ಕಿಹಾಕಿಕೊಳ್ಳುತ್ತದೆ. ಒತ್ತಾಯ ಮಾಡಿದರೆ ಎರಡೂ ಹಾಳು. ಎಬಿಆರ್-1ರ ಹಳೇ ಕಂಬದ ಮೇಲೆ ನೇರವಾಗಿ ಕೂರುವ, ಜಾಗ ಜಾಸ್ತಿ ಇರುವ ಬ್ರಿಡ್ಜ್‌ಗಳು ಸಿಗುತ್ತವೆ. ಮರಕ್ಕೆ ಡ್ರಿಲ್ ತಾಗಿಸುವ ಅಗತ್ಯವೇ ಇಲ್ಲ.

ಹೊಸ ಸ್ಯಾಡಲ್ ಬಂದ ಮೇಲೆ ಗೀರು ಹಾಕುವ ಕೆಲಸ ಇರುತ್ತದೆ, ಇದಕ್ಕೆ ಅವಸರ ಬೇಡ. ಟ್ಯೂನ್-ಒ-ಮ್ಯಾಟಿಕ್ ಸ್ಯಾಡಲ್‌ಗಳು ಹಲವು ಸಲ ಗೀರಿಲ್ಲದೆ ಬರುತ್ತವೆ. 46ರ ತಂತಿಗೆ ಹಾಕಿದ ಗೀರಿನಲ್ಲಿ 58ರ ತಂತಿ ಕೂರದು, ಮೇಲೆಯೇ ನಿಂತು ಗುಂಯ್ ಎನ್ನುತ್ತದೆ. ತಂತಿಯ ಅರ್ಧ ದಪ್ಪ ಗೀರಿನೊಳಗೆ ಇಳಿದರೆ ಸಾಕು. ಗೀರು ಹಿಂದಕ್ಕೆ ಸ್ವಲ್ಪ ಇಳಿಜಾರಾಗಿರಬೇಕು, ತಂತಿ ಮುಂದಿನ ಅಂಚನ್ನು ಮಾತ್ರ ಗಟ್ಟಿಯಾಗಿ ಒತ್ತಬೇಕು. ಅಂಚು ಮೊಂಡಾದರೆ ಸಿತಾರಿನ ಹಾಗೆ ಝೇಂಕಾರ ಬರುತ್ತದೆ. ಗಿಟಾರಿನ ಅರಗಳು ದುಬಾರಿ. ಗ್ಯಾಸ್ ವೆಲ್ಡಿಂಗ್‌ನವರು ನಾಜಲ್ ತೂತು ಬಿಡಿಸಲು ಬಳಸುವ ತೆಳು ಅರಗಳ ಕಟ್ಟು ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತದೆ. ಬೇರೆಬೇರೆ ದಪ್ಪದವು ಒಟ್ಟಿಗೇ ಇರುತ್ತವೆ. ಹಿತ್ತಾಳೆಗೆ ಅವು ಚೆನ್ನಾಗಿ ನಡೆಯುತ್ತವೆ. ನಟ್‌ನ ಗೀರನ್ನೂ ಇದೇ ರೀತಿ ಅಗಲ ಮಾಡಬೇಕಾಗುತ್ತದೆ. ಆದರೆ ಹಳೇ ನಟ್‌ಗೆ ಅರ ಹಾಕಿದರೆ ಅದು ಹಿಂದಕ್ಕೆ ಬಾರದ ಬದಲಾವಣೆ. ಅದನ್ನು ತೆಗೆದಿಟ್ಟು ಹೊಸ ನಟ್ ಮಾಡಿಸುವುದೇ ಒಳ್ಳೆಯದು.

ಹಿತ್ತಾಳೆಯೋ ಉಕ್ಕೋ ನೈಲಾನೋ ಎಂದು ಗಂಟೆಗಟ್ಟಲೆ ಚರ್ಚೆ ನಡೆಯುತ್ತದೆ. ಮೂರನ್ನೂ ಹಳೇ ಕಂಪನಿಗಳೇ ಬಳಸಿವೆ. ಧ್ವನಿಯಲ್ಲಿ ಸಣ್ಣ ವ್ಯತ್ಯಾಸ ಇದೆ. ಆದರೆ ಇಳಿಸಿದ ಶ್ರುತಿಯಲ್ಲಿ ಸ್ವರ ನಿಜವಾಗುವುದು ಜಾಗ ಮತ್ತು ಗೀರಿನಿಂದ. ನಮ್ಮ ಕರಾವಳಿಗೆ ಮಾತ್ರ ಒಂದು ಮಾತು ಸೇರಿಸುತ್ತೇನೆ. ಉಪ್ಪುಗಾಳಿಗೆ, ಮಳೆಗಾಲದ ತೇವಕ್ಕೆ ಉಕ್ಕಿನ ಪುಟ್ಟ ಸ್ಕ್ರೂಗಳು ಬೇಗ ಹಿಡಿದುಕೊಳ್ಳುತ್ತವೆ. ಹಳೇ ಗಿಟಾರಿನ ಸ್ಕ್ರೂ ತಿರುಗದಿದ್ದರೆ ಬಲ ಹಾಕಬೇಡಿ. ತುಕ್ಕು ಬಿಡಿಸುವ ಎಣ್ಣೆಯನ್ನು ಸೂಜಿಯ ತುದಿಯಲ್ಲಿ ಒಂದು ಹನಿ ಬಿಟ್ಟು, ರಾತ್ರಿಯಿಡೀ ಹಾಗೇ ಇಟ್ಟು, ಬೆಳಿಗ್ಗೆ ಸರಿಯಾದ ಅಳತೆಯ ಕೀಲಿ ಹಾಕಿ ನೋಡಿ. ಅಳತೆ ತಪ್ಪಿದ ಕೀಲಿ ಸ್ಕ್ರೂವಿನ ತಲೆಯನ್ನು ಸವೆಸಿಬಿಡುತ್ತದೆ.

ತೆಗೆದ ಹಳೇ ಸ್ಯಾಡಲ್‌ಗಳನ್ನು ತಂತಿಯ ಕ್ರಮದಲ್ಲೇ ಡಬ್ಬಿಗೆ ಹಾಕಿ, ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಗಿಟಾರಿನ ಕೇಸಿನಲ್ಲೇ ಇಡಿ. ಪ್ರತಿಯೊಂದರ ಗೀರು ಅದರ ತಂತಿಗೆ ತಕ್ಕ ಹಾಗೆ ಸವೆದಿರುತ್ತದೆ, ಅದಲುಬದಲಾದರೆ ಮತ್ತೆ ಕೂರಿಸುವಾಗ ಕಷ್ಟ. 1950ರ ದಶಕದ ಒಂದು ಅಸಲಿ ಎಬಿಆರ್-1ಗೆ ಬಿಡಿಯಾಗಿಯೇ ದೊಡ್ಡ ಬೆಲೆ ಇದೆ. ಇನ್ನೊಂದು ವಿಷಯ: 1960ರ ದಶಕದವರೆಗೆ ಮೂರನೇ ತಂತಿಯೂ ಮೇಲೆ ಸಣ್ಣ ತಂತಿ ಸುತ್ತಿದ ತಂತಿಯೇ ಆಗಿರುತ್ತಿತ್ತು. ದಪ್ಪ ಸೆಟ್‌ಗಳ ಕೆಲವಲ್ಲಿ ಈಗಲೂ ಹಾಗೇ ಬರುತ್ತದೆ. ಸುತ್ತಿದ ಮೂರನೇ ತಂತಿಗೆ ಸ್ಯಾಡಲ್ ಮುಂದೆ ಬೇಕು, ಬರಿಯ ತಂತಿಗೆ ಹಿಂದೆ. ಸೆಟ್ ಬದಲಾಯಿಸಿದ ಪ್ರತಿ ಸಲವೂ ಆರನೆಯದರ ಜೊತೆಗೆ ಮೂರನೆಯದನ್ನೂ 12ನೇ ಫ್ರೆಟ್‌ನಲ್ಲಿ ಪರೀಕ್ಷಿಸಿ.