ಮಂಡಿ ನೋಯುತ್ತಿದೆಯಾ? ಮೊದಲು ಸೀಟು ನೋಡಿ

ಹೊಸ ಸೈಕಲ್ ತಗೊಂಡಾಗ ಅಂಗಡಿಯಲ್ಲಿ ಕೇಳುವುದು ಸಾಮಾನ್ಯವಾಗಿ ಒಂದೇ: ಕಾಲು ನೆಲಕ್ಕೆ ಎಟುಕುತ್ತಾ? ಎಟುಕಿದರೆ ಮುಗೀತು, ನಟ್ಟು ಬಿಗಿ ಮಾಡಿ ಕೊಡುತ್ತಾರೆ. ನಾನೂ ವರ್ಷಗಟ್ಟಲೆ ಹಾಗೇ ತುಳಿದೆ. ಸೀಟಿನ ಮೇಲೆ ಕೂತೇ ಎರಡೂ ಪಾದ ನೆಲಕ್ಕೆ ಊರಬಹುದಿತ್ತು, ಅದೊಂದು ಧೈರ್ಯ, ಆದರೆ ಏಳೆಂಟು ಕಿಲೋಮೀಟರ್ ಆಗುವಷ್ಟರಲ್ಲಿ ಮಂಡಿಯ ಮುಂಭಾಗದಲ್ಲಿ ನೋವು ಶುರುವಾಗೋದು.

ಮಂಡಿಚಿಪ್ಪು ತೊಡೆಮೂಳೆಯ ತುದಿಯ ಮೇಲೆ ಜಾರುವ ಪುಟ್ಟ ಮೂಳೆ. ಕಾಲು ಜಾಸ್ತಿ ಮಡಚಿಕೊಂಡಿರುವಾಗ ಬಲ ಹಾಕಿದರೆ ತೊಡೆಯ ಸ್ನಾಯು ಆ ಚಿಪ್ಪನ್ನು ಮೂಳೆಗೆ ಗಟ್ಟಿಯಾಗಿ ಒತ್ತುತ್ತದೆ. ಕುಕ್ಕರಗಾಲಲ್ಲಿ ಕೂತು ಏಳುವಾಗ ಮಂಡಿ ಹಿಡಿದ ಹಾಗಾಗುತ್ತಲ್ವಾ, ಅದೇ ಒತ್ತಡ. ಸೀಟು ತಗ್ಗಿನಲ್ಲಿದ್ದರೆ ಪ್ರತಿ ಸುತ್ತಿನಲ್ಲೂ ಹೀಗೇ. ನಿಮಿಷಕ್ಕೆ 60 ಸುತ್ತು ತುಳಿದರೂ ಗಂಟೆಗೆ ಒಂದೊಂದು ಮಂಡಿಗೆ 3600 ಸಲ!

ಸರಿಯಾದ ಎತ್ತರ ನೋಡೋಕೆ ಒಂದು ಗೋಡೆ ಸಾಕು. ಒಂದು ಕೈ ಗೋಡೆಗೆ ಕೊಟ್ಟು ಸೀಟಿನ ಮೇಲೆ ನೇರವಾಗಿ ಕೂತು, ಪೆಡಲನ್ನು ಪೂರ್ತಿ ಕೆಳಗೆ ತಂದು, ಅದರ ಮೇಲೆ ಹಿಮ್ಮಡಿ ಇಡಿ. ಕಾಲು ಆಗ ನೆಟ್ಟಗಾಗಬೇಕು. ಆಮೇಲೆ ತುಳಿಯುವ ರೀತಿಯಲ್ಲೇ ಪಾದದ ಮುಂಭಾಗ ಪೆಡಲಿಗೆ ತಂದರೆ ಮಂಡಿ ತಾನಾಗಿ ಸ್ವಲ್ಪ ಬಾಗುತ್ತದೆ, ಸುಮಾರು 25ರಿಂದ 35 ಡಿಗ್ರಿ. ಅಷ್ಟೇ ಬೇಕಾಗಿರೋದು. ಅಳತೆ ಇಷ್ಟಪಡುವವರಿಗೆ ಹ್ಯಾಮ್ಲೆ ಮತ್ತು ಥಾಮಸ್ ಎಂಬ ಇಬ್ಬರು 1967ರಲ್ಲಿ ಪ್ರಕಟಿಸಿದ ಲೆಕ್ಕವಿದೆ: ತೊಡೆಸಂದಿನಿಂದ ನೆಲದವರೆಗಿನ ಉದ್ದದ ಶೇಕಡಾ 109. ಆ ಉದ್ದ 76 ಸೆಂಟಿಮೀಟರ್ ಇದ್ದರೆ, ಕೆಳಗಿರುವ ಪೆಡಲಿನಿಂದ ಸೀಟಿನ ತಲೆಯವರೆಗೆ ಸುಮಾರು 83. ಆದರೆ ಇದನ್ನೇ ನೆಚ್ಚಿಕೊಳ್ಳಬೇಡಿ, ಎಲ್ಲರ ಕಾಲೂ ಒಂದೇ ತರಹ ಇರಲ್ಲ.

ಏರಿಸುವಾಗಲೂ ಒಂದೇ ಸಲ ಬೇಡ. ಅರ್ಧ ಸೆಂಟಿಮೀಟರ್ ಏರಿಸಿ, ಎರಡು ದಿನ ತುಳಿದು ನೋಡಿ. ತುಳಿಯುವಾಗ ಸೊಂಟ ಆ ಕಡೆ ಈ ಕಡೆ ವಾಲುತ್ತಿದ್ದರೆ, ಅಥವಾ ಮಂಡಿಯ ಹಿಂಭಾಗ ಎಳೆದ ಹಾಗೆ ನೋಯುತ್ತಿದ್ದರೆ ಎತ್ತರ ಜಾಸ್ತಿಯಾಗಿದೆ, ಇಳಿಸಿ. ಸೀಟಿನ ಕೊಳವೆಯ ಮೇಲೊಂದು ಗೆರೆ ಇರುತ್ತದೆ, ಅದು ಹೊರಗೆ ಕಾಣುವಷ್ಟು ಯಾವತ್ತೂ ಎತ್ತಬೇಡಿ.

ಹಾಗಾದರೆ ಸಿಗ್ನಲ್‌ನಲ್ಲಿ ನಿಲ್ಲೋದು ಹೇಗೆ? ಸೀಟಿನಿಂದ ಮುಂದಕ್ಕೆ ಇಳಿದು, ಒಂದು ಪಾದ ಪೆಡಲ್ ಮೇಲೇ ಬಿಟ್ಟು ಇನ್ನೊಂದನ್ನು ನೆಲಕ್ಕೆ ಊರಬೇಕು. ಖಾಲಿ ಮೈದಾನದಲ್ಲಿ ಹತ್ತು ಸಲ ಮಾಡಿದರೆ ಭಯ ಹೋಗುತ್ತದೆ.

ಕೈಯ ಮಾತೂ ಒಂದಿದೆ. ಕಿರುಬೆರಳು, ಉಂಗುರಬೆರಳು ಜೋಮು ಹಿಡಿಯುತ್ತಿದ್ದರೆ ಅಂಗೈಯ ಅಂಚಿನಲ್ಲಿ ಹಾದುಹೋಗುವ ನರಕ್ಕೆ ಹ್ಯಾಂಡಲ್ ಒತ್ತುತ್ತಿದೆ ಅಂತ. ಬಹಳ ಸಲ ಸೀಟಿನ ಮೂತಿ ಕೆಳಗೆ ಬಾಗಿರುವುದೇ ಕಾರಣ: ಮೈ ಮುಂದಕ್ಕೆ ಜಾರಿ ಭಾರವೆಲ್ಲ ಕೈಗೆ ಬೀಳುತ್ತದೆ. ಸೀಟು ಮಟ್ಟ ಮಾಡಿ, ಮೊಣಕೈ ಸ್ವಲ್ಪ ಸಡಿಲ ಬಿಡಿ.

ಮನೆಯಲ್ಲಿ ಶಾಲೆಗೆ ಸೈಕಲ್‌ನಲ್ಲಿ ಹೋಗುವ ಮಕ್ಕಳಿದ್ದರೆ ಅವರ ಸೀಟನ್ನೂ ಇವತ್ತೇ ನೋಡಿ. ಎಂಟನೇ ಕ್ಲಾಸಿನಲ್ಲಿ ಬಿಗಿದ ನಟ್ಟು ಹತ್ತನೇ ಕ್ಲಾಸಿನವರೆಗೂ ಹಾಗೇ ಇರುತ್ತದೆ, ಮಗು ಮಾತ್ರ ಅಷ್ಟರಲ್ಲಿ ಗೇಣುದ್ದ ಬೆಳೆದಿರುತ್ತದೆ.